ತಾರೆಗೆ ಯಾರು?

ನಮ್ಮ ಕಡೆಯ ಪತ್ರಿಕೆಗಳಲ್ಲಿ ನಿಧನದ ಸುದ್ದಿಗೆ ಒಂದು ಅಚ್ಚು ಇದೆ. ಹೆಸರು, ವಯಸ್ಸು, ಮನೆ ಇರುವ ಜಾಗ, ಆಮೇಲೆ ‘ಪ್ರಗತಿಪರ ಕೃಷಿಕರಾಗಿದ್ದರು’ ಎಂದೋ ‘ಯಕ್ಷಗಾನ ಕಲಾಸಕ್ತರಾಗಿದ್ದರು’ ಎಂದೋ ಒಂದು ಸಾಲು. ಕೊನೆಗೆ ‘ಮೃತರು ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ’. ಕಳೆದ ಆಟಿಯಿಂದ (ತುಳುವರ ಮಳೆಗಾಲದ ಒಂದು ತಿಂಗಳು ಅದು) ಈ ಆಟಿಯೊಳಗೆ ನಮ್ಮ ತಾಳಮದ್ದಳೆ ಸಂಘದ ಐದು ಮಂದಿ ಈ ಅಚ್ಚಿನೊಳಗೆ ಸೇರಿಹೋದರು. ಐದೂ ತುಂಡುಗಳನ್ನು ಕತ್ತರಿಸಿ ಸಂಘದ ಪುಸ್ತಕದಲ್ಲಿ ಅಂಟಿಸಿದೆ. ಮೈದಾ ಅಂಟು ಒಣಗುವ ತನಕ ಕೈಯಿಟ್ಟು ಒತ್ತಿ ಹಿಡಿದುಕೊಂಡು ಓದುತ್ತಿದ್ದೆ. ಒಬ್ಬರ ಫೋಟೋದ ಕೆಳಗೆ ಇನ್ನೊಬ್ಬರ ಸುದ್ದಿ ಅಂಟಿಸಿದರೂ ಏನೂ ತಪ್ಪಾಗುತ್ತಿರಲಿಲ್ಲ. ಅದು ನನಗೆ ತಡೆಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ನಾವು ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಮದ್ದಳೆ ಅಜ್ಜ, ಕಾಕ, ಟೈಲರಣ್ಣ, ಹೆಡ್‌ಮಾಸ್ಟ್ರು, ಅತ್ತೆ. ಹೋದದ್ದೂ ಇದೇ ಸಾಲಿನಲ್ಲಿ.

ವಿಟ್ಲದಿಂದ ಅಡ್ಯನಡ್ಕಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಊರು ನಮ್ಮದು. ಇನ್ನು ಸ್ವಲ್ಪ ಮುಂದೆ ಹೋದರೆ ಕೇರಳ. ಸುತ್ತ ಅಡಿಕೆ ತೋಟ, ನಡುವೆ ಮನೆಗಳು, ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೆ ಅರ್ಧ ಕೇಳುವಷ್ಟು ದೂರ. ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು ಪತ್ತನಾಜೆ. ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿ ಕಳೆದು ಮತ್ತೆ ತಿರುಗಾಟಕ್ಕೆ ಹೊರಡುವ ತನಕ ಬಯಲಿನಲ್ಲಿ ಆಟವಿಲ್ಲ. ಆ ಮಳೆಗಾಲವೆಲ್ಲ ತಾಳಮದ್ದಳೆಯದ್ದು. ನಮ್ಮ ಸಂಘದ ಕೂಟ ನಡೆಯುವುದು ಅತ್ತೆಯ ಮನೆಯ ಚಾವಡಿಯಲ್ಲಿ, ತಿಂಗಳಿಗೆ ಎರಡು ಶನಿವಾರ, ರಾತ್ರಿ ಏಳರಿಂದ ಹನ್ನೊಂದೂವರೆ.

ತಾಳಮದ್ದಳೆ ಕೇಳದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಇದೂ ಯಕ್ಷಗಾನವೇ, ಆದರೆ ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಪಂಚೆ-ಶಾಲಿನಲ್ಲಿ ಕುಳಿತಲ್ಲೇ ಆ ಪದ್ಯಕ್ಕೆ ಮಾತು ಕಟ್ಟುತ್ತಾನೆ. ಆ ಮಾತನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಎದುರು ಕುಳಿತವನು ಏನು ಕೇಳುತ್ತಾನೋ ಅದಕ್ಕೆ ಆ ಕ್ಷಣದಲ್ಲಿ ಉತ್ತರ ಹುಟ್ಟಬೇಕು. ಬೆಳಗಾದರೆ ಅದು ಯಾರ ಕೈಯಲ್ಲೂ ಇರುವುದಿಲ್ಲ. ನಲವತ್ತು ವರ್ಷ ಅರ್ಥ ಹೇಳಿದವನು ಸತ್ತರೆ ಮನೆಯವರಿಗೆ ಸಿಗುವುದು ನಾಲ್ಕು ಶಾಲು, ಒಂದು ಗಂಧದ ಹಾರ, ಎರಡು ಸ್ಮರಣಿಕೆ.

ಮದ್ದಳೆ ಅಜ್ಜ ಮೊದಲು ಹೋದದ್ದು, ಕಳೆದ ಆಟಿಯಲ್ಲಿ. ಅಡಿಕೆ ಮರ ಏರಿ ಗೊನೆ ತೆಗೆಯುತ್ತಿದ್ದವರು. ಒಂದು ಮರದಿಂದ ಇನ್ನೊಂದಕ್ಕೆ ಕೊಂಬೆಯಿಂದ ಕೊಂಬೆಗೆ ಹೋಗುವ ಮಂಗನಷ್ಟು ಸಲೀಸಾಗಿ ದಾಟುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಅವರಿಗೆ ವಯಸ್ಸಾಗಿತ್ತು, ಅಂಗೈ ಮಾತ್ರ ಮರದ ತೊಗಟೆಯ ಹಾಗೇ ಇತ್ತು. ಅಷ್ಟು ಒರಟು ಕೈಯಿಂದ ಅಷ್ಟು ಮೆತ್ತಗಿನ ನಾದ ಬರುವುದು ಹೇಗೆ ಎಂದು ನನಗೆ ಪ್ರತಿಸಲ ಆಶ್ಚರ್ಯ.

ಮಳೆಗಾಲದಲ್ಲಿ ಮದ್ದಳೆಯ ಚರ್ಮ ತಂಡಿ ಹಿಡಿದು ಸಡಿಲವಾಗುತ್ತದೆ. ಅಜ್ಜ ಕೂಟದ ದಿನ ಸಂಜೆ ನಾಲ್ಕಕ್ಕೇ ಅತ್ತೆಯ ಮನೆಗೆ ಬಂದು ಬಚ್ಚಲೊಲೆಯ ಬುಡದಲ್ಲಿ ಕೂರುತ್ತಿದ್ದರು. ಮದ್ದಳೆಯನ್ನು ತೊಡೆಯ ಮೇಲೆ ಮಲಗಿಸಿ, ಬೆಂಕಿಯ ಝಳಕ್ಕೆ ಒಂದು ಬದಿ, ಆಮೇಲೆ ಇನ್ನೊಂದು ಬದಿ. ಎಣ್ಣೆ ಹಚ್ಚಿದ ಕೂಸನ್ನು ಬಿಸಿಲಿಗೆ ತಿರುಗಿಸುವ ಹಾಗೆ. ನಡುನಡುವೆ ಬೆರಳಿನ ತುದಿಯಿಂದ ಒಂದು ಸಣ್ಣ ಪೆಟ್ಟು, ಕಿವಿ ಹತ್ತಿರ ತಂದು ಕೇಳುವುದು, ತಲೆ ಅಲ್ಲಾಡಿಸುವುದು, ಮತ್ತೆ ಬೆಂಕಿಗೆ. ಎರಡು ಗಂಟೆ ಇದೇ ಕೆಲಸ. ಆ ಹೊತ್ತಿನಲ್ಲಿ ಅವರ ಹತ್ತಿರ ಯಾರೂ ಮಾತಾಡುತ್ತಿರಲಿಲ್ಲ.

ಅವರಿಗೆ ಬಲಿಪ ನಾರಾಯಣ ಭಾಗವತರೆಂದರೆ ದೇವರ ಸಮಾನ. ಬಲಿಪರು ನಮ್ಮ ಪಕ್ಕದ ಪಡ್ರೆಯಲ್ಲಿ ಹುಟ್ಟಿದವರು, ಆಮೇಲೆ ಮೂಡುಬಿದಿರೆಯ ಮಾರೂರಿನಲ್ಲಿ ನೆಲೆಸಿದವರು. ಕಟೀಲು ಮೇಳದ ಆಟ ಸುತ್ತಿನಲ್ಲಿ ಎಲ್ಲೇ ಆಗಲಿ, ಬಲಿಪರು ಪದ್ಯಕ್ಕೆ ಕೂರುವ ಹೊತ್ತಿಗೆ ಅಜ್ಜ ರಂಗಸ್ಥಳದ ಬದಿಯಲ್ಲಿ, ಮದ್ದಳೆಯವರ ಕೈ ಕಾಣುವ ಜಾಗದಲ್ಲಿ ನಿಂತಿರುತ್ತಿದ್ದರು. ಕೂರುತ್ತಿರಲಿಲ್ಲ, ಬೆಳಗಿನ ತನಕ ನಿಂತೇ. ಬಲಿಪರದ್ದು ಏರು ಶ್ರುತಿ, ಅದಕ್ಕೆ ಮದ್ದಳೆಯನ್ನು ಹರಿಯುವಷ್ಟು ಬಿಗಿ ಮಾಡಬೇಕು. 2023ರ ಫೆಬ್ರವರಿ 16ರಂದು ಬಲಿಪರು ತೀರಿಕೊಂಡ ಸುದ್ದಿ ಬಂದ ಸಂಜೆ ನಾನು ಅಜ್ಜನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಕುಳಿತು ಮದ್ದಳೆ ಬಿಗಿಯುತ್ತಿದ್ದರು. ಎಷ್ಟು ಬಿಗಿದರೆಂದರೆ ನನಗೆ ನೋಡಿಯೇ ಭಯವಾಯಿತು. ಶ್ರುತಿಗೆ ಬಂತು ಎಂದು ಅವರಿಗೆ ಖಾತ್ರಿಯಾದ ಮೇಲೆ ಒಂದು ಪೆಟ್ಟೂ ಬಾರಿಸದೆ ಗವಸು ಹಾಕಿ ಒಳಗಿಟ್ಟರು.

“ಇನ್ನು ಇಷ್ಟು ಬಿಗಿ ಬೇಕಾಗ್ಲಿಕ್ಕಿಲ್ಲ” ಅಂದರು.

ಕಾಕ ಅರ್ಥ ಹೇಳಿದವರಲ್ಲ, ಬಾರಿಸಿದವರೂ ಅಲ್ಲ. ಪೇಟೆಯಲ್ಲಿ ಅಡಿಕೆ ವ್ಯಾಪಾರ. ಸಂಘದ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರಿತ್ತೋ ಇಲ್ಲವೋ ಎಂದು ಪುಸ್ತಕ ತಿರುವಿ ನೋಡಿದೆ, ಇರಲಿಲ್ಲ. ಅದು ನಮ್ಮದೇ ತಪ್ಪು. ರಾತ್ರಿಯ ನಮಾಜು ಮುಗಿಸಿ ಬೈಕಿನಲ್ಲಿ ಬಂದು ಹಿಂದಿನ ಕಂಬಕ್ಕೆ ಒರಗಿ ಕೂರುತ್ತಿದ್ದರು. ಮಾತು ಚೆನ್ನಾಗಿ ಬಂದರೆ ಅವರ ಬಾಯಿಂದ ‘ಶ್ಶ್’ ಎಂದು ಒಂದು ಉಸಿರು ಹೊರಡುತ್ತಿತ್ತು. ಅರ್ಥ ಹೇಳುವವರಿಗೆ ಆ ಉಸಿರು ಬೇಕಾಗಿತ್ತು. ಹೆಡ್‌ಮಾಸ್ಟ್ರು ಎಷ್ಟೋ ಸಲ ಎದುರಾಳಿಯನ್ನು ಬಿಟ್ಟು ಆ ಕಂಬದ ಕಡೆಗೇ ನೋಡಿ ಮಾತಾಡುತ್ತಿದ್ದರು.

ಕರ್ಣಪರ್ವ ಇದ್ದ ದಿನ ಕಾಕ ರಥದ ಗಾಲಿ ಹೂಳುವ ತನಕ ಮಾತ್ರ. ಆಮೇಲೆ ಮೆಲ್ಲ ಎದ್ದು ಚಪ್ಪಲಿ ಹುಡುಕಿ ಹೊರಟುಬಿಡುತ್ತಿದ್ದರು. ಒಮ್ಮೆ ಕೇಳಿದ್ದಕ್ಕೆ, “ಅವನು ಸಾಯುವುದನ್ನು ಕೂತು ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ಟೀಚರೇ” ಅಂದರು. ನವೆಂಬರಿನಲ್ಲಿ ಅವರು ಹೋದ ದಿನ ನಾವು ಏಳೆಂಟು ಮಂದಿ ಮಸೀದಿಯ ಹೊರಗೆ ನಿಂತಿದ್ದೆವು. ಭಾಗವತರು ಕೊಡೆ ಹಿಡಿಯದೆ ಬಿಸಿಲಿನಲ್ಲೇ ನಿಂತರು.

ಇನ್ನು ಟೈಲರಣ್ಣ. ನನಗೆ ಬರೆಯಬೇಕಾಗಿದ್ದದ್ದು ಮುಖ್ಯವಾಗಿ ಇವರ ವಿಷಯ.

ದೊಡ್ಡ ಪಾತ್ರಕ್ಕೆ ಜನ ಯಾವಾಗಲೂ ಸಿಗುತ್ತಾರೆ. ವಾಲಿ ಮಾಡುತ್ತೇನೆ, ಕರ್ಣ ಮಾಡುತ್ತೇನೆ, ಭೀಷ್ಮ ಆದರೆ ಬರುತ್ತೇನೆ ಎಂದು ಪುತ್ತೂರಿನಿಂದಲೂ ಫೋನ್ ಬರುತ್ತದೆ. ‘ನಾನು ಸಂಜಯ ಮಾಡುತ್ತೇನೆ’ ಎಂದು ಫೋನ್ ಮಾಡಿದವರನ್ನು ಇಷ್ಟು ವರ್ಷದಲ್ಲಿ ನಾನು ಕಂಡಿಲ್ಲ. ಆ ಪಾತ್ರಗಳೆಲ್ಲ ಟೈಲರಣ್ಣನ ಪಾಲು. ಸಂಜಯ, ವಿದುರ, ಮಂಡೋದರಿ, ವಾಲಿಯ ಹೆಂಡತಿ ತಾರೆ, ದೂತ, ಬಾಗಿಲು ಕಾಯುವವ, ಬ್ರಾಹ್ಮಣ. ಸಂಘದ ಪುಸ್ತಕದಲ್ಲಿ ಅವರ ಹೆಸರು ಯಾವತ್ತೂ ಪಟ್ಟಿಯ ಕೊನೆಗೆ. ಕೆಲವು ಕಡೆ ಜಾಗ ಸಾಲದೆ ‘ಮತ್ತು’ ಎಂದು ಬರೆದು ಅಂಚಿನಲ್ಲಿ ತುರುಕಿದ್ದೂ ಉಂಟು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮನೆಯಲ್ಲಿ ತುಳು. ಹಗಲು ಪೂರ್ತಿ ಅಂಗಡಿಯಲ್ಲಿ ಕಟ್ಟಿಂಗ್, ಲೈನಿಂಗ್, ಟ್ರಯಲ್, ಅರ್ಜೆಂಟ್ ಎಂಬ ಮಾತುಗಳೇ. ರಾತ್ರಿ ಮೈಕಿನ ಮುಂದೆ ಕುಳಿತರೆ ಒಂದು ಇಂಗ್ಲಿಷ್ ಶಬ್ದ ಬಾಯಿಗೆ ಬರುತ್ತಿರಲಿಲ್ಲ. ಯಕ್ಷಗಾನದ ಮಾತಿನಲ್ಲಿ ಇಂಗ್ಲಿಷ್ ಹೊಗುವ ಹಾಗಿಲ್ಲ ಎಂಬುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಕ್ರಮ ನಿಜ. ಆದರೆ ಎಂ.ಎ. ಮಾಡಿದ ನಾನು ಕೂಡ ಒಂದೆರಡು ಸಲ ಜಾರಿದ್ದೇನೆ, ಅವರು ಜಾರಿದ್ದನ್ನು ಕೇಳಿಲ್ಲ. ಅವರ ಕನ್ನಡ ಪೂರ್ತಿಯಾಗಿ ಕಿವಿಯಿಂದ ಬಂದದ್ದು. ಎಳೆಯ ಪ್ರಾಯದಲ್ಲಿ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಕೂಟ ಎಲ್ಲಿದ್ದರೂ ನಡೆದು ಹೋಗಿ ಕೇಳುತ್ತಿದ್ದರಂತೆ.

ಅವರ ಅಂಗಡಿ ಪೇಟೆಯ ತಿರುವಿನಲ್ಲಿ, ಮೆಟ್ಟಿಲ ಕೆಳಗಿನ ಕೋಣೆ. ಒಂದು ಹೊಲಿಗೆ ಮೆಷಿನ್, ಒಂದು ಮೇಜು, ಗೋಡೆಯಲ್ಲಿ ನೇತಾಡುವ ಬ್ಲೌಸುಗಳು. ಕೂಟ ಇರುವ ವಾರ ಆ ದಾರಿಯಲ್ಲಿ ಹೋದರೆ ಗೊತ್ತಾಗುತ್ತಿತ್ತು. ಮೆಷಿನ್ ಓಡುತ್ತಾ ಓಡುತ್ತಾ ನಿಲ್ಲುವುದು. ತುಟಿ ಅಲುಗುವುದು. ಮತ್ತೆ ಓಡುವುದು. ಒಂದು ಮಾತು ಸರಿಯಾಗಿ ಕೂತರೆ ಮೆಟ್ಟುಕಾಲಿಗೆ ಬಿರುಸು ಬಂದು ಇಡೀ ಅಂಚು ಒಂದೇ ಉಸಿರಿಗೆ ಹೊಲಿದು ಮುಗಿಯುತ್ತಿತ್ತು. ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಅವರ ಟಿಪ್ಪಣಿ. ಆ ಪುಸ್ತಕವನ್ನು ಅವರ ಮಗ ನನಗೆ ಕೊಟ್ಟಿದ್ದಾನೆ. ಎದೆ 36, ಸೊಂಟ 32, ತೋಳು 9 ಎಂದು ಯಾರದ್ದೋ ಅಳತೆ, ಅದರ ಬೆನ್ನಿಗೇ ಪೆನ್ಸಿಲಿನಲ್ಲಿ: ‘ತಾರೆ – ಅಂಗದ ತಂದ ಸುದ್ದಿ – ಮೊದಲೇ ಹೇಳಿಬಿಡಬಾರದು. ಅವನು ಸಿಟ್ಟಾಗಲಿ. ಆಮೇಲೆ.’ ಸುಗ್ರೀವನ ಬೆನ್ನಿಗೆ ರಾಮ ಇದ್ದಾನೆ ಎಂದು ಮಗ ಅಂಗದ ತಾರೆಗೆ ತಂದ ಸುದ್ದಿ ಅದು; ಸಿಟ್ಟಾಗಬೇಕಾದವನು ವಾಲಿ.

ನಾನು ಸಂಘಕ್ಕೆ ಸೇರಿದ್ದು 1999ರಲ್ಲಿ, ಇಲ್ಲಿನ ಶಾಲೆಗೆ ಬಂದ ಎರಡನೇ ವರ್ಷ. ಆಗ ಹೆಂಗಸರ ಸಂಘಗಳು ಅಲ್ಲಲ್ಲಿ ಇದ್ದವು, ಗಂಡಸರ ಕೂಟದಲ್ಲಿ ಒಬ್ಬಳೇ ಕೂರುವುದು ನಮ್ಮೂರಿಗೆ ಹೊಸತು. ಮೊದಲ ಎರಡು ತಿಂಗಳು ಸುಮ್ಮನೆ ಕೇಳುತ್ತಾ ಕುಳಿತೆ. ಯಾರೂ ಬೇಡ ಎನ್ನಲಿಲ್ಲ, ಬಾ ಎಂದೂ ಹೇಳಲಿಲ್ಲ. ಒಂದು ಪಂಚವಟಿಯ ದಿನ ಲಕ್ಷ್ಮಣನಾಗಿ ಕೂರಬೇಕಾಗಿದ್ದ ಟೈಲರಣ್ಣ ಶಾಲು ತೆಗೆದು ನನ್ನ ಕೈಗೆ ಕೊಟ್ಟು, “ನನಗೆ ಇವತ್ತು ಗಂಟಲು ಸರಿ ಇಲ್ಲ. ಟೀಚರ್ ಹೇಳ್ತಾರೆ” ಎಂದು ಹಿಂದೆ ಹೋಗಿ ಕಾಕನ ಬಳಿ ಕುಳಿತರು. ಗಂಟಲಿಗೆ ಏನೂ ಆಗಿರಲಿಲ್ಲ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನನ್ನ ಜತೆ ಜೋರಾಗಿಯೇ ಮಾತಾಡಿಕೊಂಡು ಬಂದರು.

ಆ ದಿನ ದಾರಿಯಲ್ಲಿ ಅವರು ಹೇಳಿದ ಒಂದು ಮಾತು ನನಗೆ ತುಂಬ ವರ್ಷ ಅರ್ಥವಾಗಿರಲಿಲ್ಲ. “ನೀವು ಚೆನ್ನಾಗಿ ಹೇಳಿದ್ರಿ. ಆದ್ರೆ ಶೂರ್ಪನಖಿ ಎಂತ ಹೇಳಿದ್ಳು ಅಂತ ಕೇಳಿಸಿಕೊಳ್ಳಲಿಲ್ಲ. ನಿಮ್ಮದು ಯಾವಾಗ ಬರ್ತದೆ ಅಂತ ಕಾದದ್ದು ಮಾತ್ರ.”

ಹೆಡ್‌ಮಾಸ್ಟ್ರು ನಮ್ಮ ದೊಡ್ಡ ಅರ್ಥಧಾರಿ. ನಾನು ಕೆಲಸ ಮಾಡುವ ಶಾಲೆಯಲ್ಲೇ ಹಿಂದೆ ಮುಖ್ಯೋಪಾಧ್ಯಾಯರಾಗಿದ್ದವರು. ಸಂಘದ ಪುಸ್ತಕವನ್ನು ಮೂವತ್ತೆರಡು ವರ್ಷ ಬರೆದದ್ದು ಅವರ ಕೈ. ಇಳಿಜಾರಿನಲ್ಲಿ ಸಾಲಾಗಿ ನಿಂತ ಅಡಿಕೆ ಮರಗಳ ಹಾಗೆ ಬಲಕ್ಕೆ ಬಾಗಿದ ಅಕ್ಷರ. ಅವರ ವಾಲಿ ಎಂದರೆ ಕಾಸರಗೋಡು ಕಡೆಯಿಂದಲೂ ಜನ ಬರುತ್ತಿದ್ದರು. ಸ್ವರ ಏರಿಸದೆ, ಕೈ ಬೀಸದೆ, ಒಂದೊಂದೇ ಪ್ರಶ್ನೆ ಇಟ್ಟು ರಾಮನನ್ನು ಕಟ್ಟಿಹಾಕುವ ಕ್ರಮ. ಪಾಠ ಮಾಡಿದವರ ಮಾತು ಅದು. ಹತ್ತು ವರ್ಷದ ಹುಡುಗನಿಗೂ ಅರ್ಥವಾಗಬೇಕು ಎಂಬ ಹಟ.

ನಾಲ್ಕು ವರ್ಷದ ಹಿಂದೆ ಮರೆವು ಶುರುವಾಯಿತು. ಮೊದಮೊದಲು ಅಂಗಡಿಗೆ ಹೋದವರು ಏನು ತರಲಿಕ್ಕೆ ಎಂದು ಮರೆತು ಬರುವುದು, ಅಷ್ಟೇ. ಮಾತಿನಲ್ಲಿ ಒಂದು ಕೂದಲು ಹೆಚ್ಚುಕಮ್ಮಿ ಇರಲಿಲ್ಲ. ಆಮೇಲೆ ಸಂಘದ ಪುಸ್ತಕದಲ್ಲಿ ಒಂದೇ ಕೂಟವನ್ನು ಎರಡು ಸಲ ಬರೆದರು. ಮಗ ನನ್ನನ್ನು ಕರೆದು ಪುಸ್ತಕ ಒಪ್ಪಿಸಿದ. ಹೆಡ್‌ಮಾಸ್ಟ್ರು ಏನೂ ಹೇಳಲಿಲ್ಲ. ಪೆನ್ನನ್ನು ಮಾತ್ರ ತಾವೇ ನನ್ನ ಕೈಗೆ ಕೊಟ್ಟರು.

ಅವರ ಕೊನೆಯ ವಾಲಿವಧೆ ನನ್ನ ಫೋನಿನಲ್ಲಿ ಇದೆ. ಹೊರಗೆ ಜಡಿಮಳೆ, ಹಂಚಿನ ಮಾಡಿನ ಮೇಲೆ ನೀರು ಬೀಳುವ ಸದ್ದು ಎಲ್ಲ ಕೇಳಿಸುತ್ತದೆ. ಹೆಡ್‌ಮಾಸ್ಟ್ರು ವಾಲಿ, ಟೈಲರಣ್ಣ ತಾರೆ. ಸುಗ್ರೀವ ಪೆಟ್ಟು ತಿಂದು ಓಡಿದವನು ಮತ್ತೆ ಬಂದು ಕರೆಯುತ್ತಿದ್ದಾನೆ. ವಾಲಿ ಹೊರಟಿದ್ದಾನೆ. ತಾರೆ ಅಡ್ಡ ನಿಂತಿದ್ದಾಳೆ: ಸೋತು ಹೋದವನು ಇಷ್ಟು ಬೇಗ ಬರಬೇಕಾದರೆ ಯಾರದ್ದೋ ಬಲ ಇರಬೇಕಲ್ಲ ಎಂದು. ವಾಲಿ ನಗುತ್ತಾನೆ. ಯಾರ ಬಲ? ಎದುರು ನಿಂತವನ ಅರ್ಧ ಬಲ ನನಗೇ ಬರುತ್ತದೆ. ಅವನು ಇಷ್ಟು ದಿನ ಬದುಕಿದ್ದು ಋಷ್ಯಮೂಕದಲ್ಲಿ ಅಡಗಿ ಕೂತ ಕಾರಣಕ್ಕೆ. ಅಲ್ಲಿಗೆ ನಾನು ಕಾಲಿಡುವುದಿಲ್ಲ. ಯಾಕೆ ಕಾಲಿಡುವುದಿಲ್ಲ ಅಂದರೆ —

ಅಲ್ಲಿಗೆ ನಿಂತಿತು.

ರೆಕಾರ್ಡಿನಲ್ಲಿ ಲೆಕ್ಕ ಹಾಕಿದ್ದೇನೆ, 11 ಸೆಕೆಂಡ್. ಕೂಟದಲ್ಲಿ 11 ಸೆಕೆಂಡ್ ಎಂದರೆ ತುಂಬ ದೊಡ್ಡದು. ನಾನು ಎದುರಿಗೇ ಸುಗ್ರೀವನ ಸಾಲಿನಲ್ಲಿದ್ದೆ, ಅವರ ಮುಖ ಕಾಣುತ್ತಿತ್ತು. ಕಣ್ಣು ಮಾಡಿನ ಪಕಾಸಿನ ಕಡೆಗೆ ಹೋಯಿತು, ಅಲ್ಲಿಂದ ಕೆಳಗೆ ತಮ್ಮ ಕೈಯ ಮೇಲೆ ಬಂತು. ಎಡಗೈಯ ಹೆಬ್ಬೆರಳು ಶಾಲಿನ ದಾರವನ್ನು ಹಿಡಿದು ಸುತ್ತತೊಡಗಿತು. ದುಂದುಭಿ ಎಂಬ ಒಂದು ಶಬ್ದ ಬೇಕು, ಬರುತ್ತಿಲ್ಲ. ಭಾಗವತರ ಕೈ ಜಾಗಟೆಯ ಕಡೆ ಹೋಯಿತು, ಮುಂದಿನ ಪದ್ಯ ಎತ್ತಿಬಿಡೋಣ ಎಂದು. ಟೈಲರಣ್ಣ ಕೆಳಗಿನಿಂದಲೇ ಅಂಗೈ ತೋರಿಸಿ ಬೇಡ ಎಂದರು. ಮತ್ತೆ ತಾರೆಯ ಸ್ವರದಲ್ಲಿ, ಏನೂ ಆಗದವರ ಹಾಗೆ ಮಾತು ತೆಗೆದರು.

“ನನಗೆ ಗೊತ್ತಿಲ್ಲವೇ ಸ್ವಾಮೀ? ಕೋಣನ ರೂಪದಲ್ಲಿ ಬಂದ ದುಂದುಭಿಯನ್ನು ಕೊಂದು ನೀವು ಮನೆಗೆ ಬಂದ ರಾತ್ರಿ ಕಾಲಿಗೆ ನೀರು ಕೊಟ್ಟವಳು ನಾನು. ಮೈಮೇಲಿನ ನೆತ್ತರು ತೊಳೆದವಳು ನಾನು. ಆ ಹೆಣವನ್ನು ಎತ್ತಿ ಎಸೆದಾಗ ಸಿಡಿದ ಹನಿ ಯಾರ ಆಶ್ರಮದಲ್ಲಿ ಬಿತ್ತು, ಆ ಮುನಿಗಳು ಏನೆಂದರು ಎಂದು ಈ ಕಿಷ್ಕಿಂಧೆಯಲ್ಲಿ ಮೊದಲು ಕೇಳಿದವಳೂ ನಾನು. ಅಂದು ನೀವು ಹೇಳುವಾಗ ನಿಮ್ಮ ಸ್ವರದಲ್ಲಿ ಒಂದು ನಡುಕವಿತ್ತು. ಇಂದು ಅದನ್ನೇ ನಗುತ್ತಾ ಹೇಳುತ್ತಿದ್ದೀರಿ. ಹೇಳಿ ಸ್ವಾಮೀ, ಇನ್ನೊಮ್ಮೆ ಕೇಳುತ್ತೇನೆ. ಆ ನಡುಕ ಎಲ್ಲಿ ಹೋಯಿತೆಂದು ನನಗೆ ತಿಳಿಯಬೇಕು.”

ಹೆಡ್‌ಮಾಸ್ಟ್ರ ಹೆಬ್ಬೆರಳು ದಾರವನ್ನು ಬಿಟ್ಟಿತು. “ತಾರಾ” ಎಂದರು. ಒಂದು ಕ್ಷಣ ಬಿಟ್ಟು, “ಮತಂಗರ ಶಾಪ ನನ್ನ ಕಾಲಿಗೆ, ತೋಳಿಗಲ್ಲ” ಎಂದರು. ಹಿಂದಿನ ಕಂಬದಿಂದ ಕಾಕನ ಉಸಿರು, ಅದೂ ರೆಕಾರ್ಡಿನಲ್ಲಿ ಇದೆ. ಅಲ್ಲಿಂದ ಇಪ್ಪತ್ತು ನಿಮಿಷ ಅವರು ಮಾತಾಡಿದ್ದನ್ನು ನಾನು ನಲವತ್ತು ಸಲವಾದರೂ ಕೇಳಿರಬಹುದು.

ಚಾವಡಿಯಲ್ಲಿದ್ದ ಎಷ್ಟೋ ಮಂದಿಗೆ ವಾಲಿ ಮರೆತದ್ದೇ ತಿಳಿಯಲಿಲ್ಲ. ತಾರೆ ಇವತ್ತು ಯಾಕೋ ಉದ್ದ ಮಾತಾಡಿದಳು ಎಂದು ಒಬ್ಬರು ಹೇಳಿದ್ದೂ ಕೇಳಿಸಿತು. ಮರುದಿನ ನಾನು ಅಂಗಡಿಗೆ ಹೋಗಿ ಕೇಳಿದೆ, ಅದು ಹೇಗೆ ಹೊಳೆಯಿತು ಎಂದು. ಟೈಲರಣ್ಣ ಸೂಜಿಗೆ ನೂಲು ಪೋಣಿಸುತ್ತಿದ್ದರು. ಪೋಣಿಸಿ ಆಗುವ ತನಕ ಉತ್ತರ ಇಲ್ಲ.

“ಹೊಳೆಯುವುದು ಎಂತ ಟೀಚರ್? ಗಂಡ ಎಲ್ಲಿ ತಡವರಿಸ್ತಾನೆ ಅಂತ ಹೆಂಡತಿಗೆ ಗೊತ್ತಿರ್ತದಲ್ವಾ.”

ಈ ಜನವರಿಯಲ್ಲಿ ಎದೆನೋವು ಎಂದು ಮಂಗಳೂರಿಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೋದರು. ಮೆಷಿನಿನಲ್ಲಿ ಅರ್ಧ ಹೊಲಿದ ಒಂದು ಶಾಲೆಯ ಅಂಗಿ ಇತ್ತು. ನನ್ನ ಕ್ಲಾಸಿನ ಹುಡುಗನದ್ದು. ಪೇಪರಿನಲ್ಲಿ ಬಂದದ್ದು: ‘ದರ್ಜಿ ವೃತ್ತಿ ಮಾಡುತ್ತಿದ್ದ ಇವರು ಹವ್ಯಾಸಿ ತಾಳಮದ್ದಳೆ ಅರ್ಥಧಾರಿಯಾಗಿದ್ದರು.’

ಹೆಡ್‌ಮಾಸ್ಟ್ರಿಗೆ ಸುದ್ದಿ ಹೇಳುವುದೋ ಬೇಡವೋ ಎಂದು ಮನೆಯವರು ಯೋಚಿಸಿ ಹೇಳಲಿಲ್ಲ. ಫೆಬ್ರವರಿಯಲ್ಲಿ ನಾನು ನೋಡಲಿಕ್ಕೆ ಹೋದಾಗ ಅಂಗಳದಲ್ಲಿ ಒಣಹಾಕಿದ ಅಡಿಕೆಯ ಬದಿಯಲ್ಲಿ ಕುರ್ಚಿ ಹಾಕಿ ಕುಳಿತಿದ್ದರು. ನಾನು ಯಾರ ಮಗಳು ಎಂದು ಮೂರು ಸಲ ಕೇಳಿದರು. ಮೂರು ಸಲವೂ ಹೇಳಿದೆ. ಸೊಸೆ ಮಜ್ಜಿಗೆ ತಂದು ಕೊಟ್ಟಳು, ಕುಡಿದೆವು. ಹೊರಡಲಿಕ್ಕೆ ಎದ್ದಾಗ ನನ್ನ ಕೈಚೀಲ ನೋಡಿ, ಕೂಟಕ್ಕೆ ಹೊರಟವಳು ಎಂದು ತಿಳಿದರೋ ಏನೋ.

“ಇವತ್ತು ಯಾವ ಪ್ರಸಂಗ?”

“ವಾಲಿವಧೆ” ಅಂದೆ. ಬಾಯಿಗೆ ಬಂದದ್ದು ಅದೇ.

“ತಾರೆಗೆ ಯಾರು?”

ನನ್ನಿಂದ ಬೇರೆ ಏನೂ ಹೇಳಲಿಕ್ಕೆ ಆಗಲಿಲ್ಲ. “ಟೈಲರಣ್ಣ” ಅಂದೆ.

“ಹಾಗಾದ್ರೆ ಆಯ್ತು” ಎಂದು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಮಾರ್ಚ್ ಕೊನೆಯಲ್ಲಿ ನಿದ್ದೆಯಲ್ಲೇ ಹೋದರು.

ಅತ್ತೆ ಹೋದದ್ದು ಪತ್ತನಾಜೆಯ ವಾರ. ನನಗೆ ಅವರು ಸಂಬಂಧದಲ್ಲಿ ಏನೂ ಅಲ್ಲ, ಊರಿಗೆಲ್ಲ ಅತ್ತೆ. ಆ ಚಾವಡಿಯಲ್ಲಿ ಅವರು ಮದುವೆಯಾಗಿ ಬಂದಾಗಿನಿಂದ ಕೂಟ ನಡೆಯುತ್ತಿತ್ತು. ಇಪ್ಪತ್ತೈದು ಮೂವತ್ತು ಮಂದಿಗೆ ಒಂಬತ್ತು ಗಂಟೆಗೆ ಅವಲಕ್ಕಿ, ಹಲಸಿನ ಹಪ್ಪಳ, ಕಾಫಿ. ಕೂಟ ಮುಗಿದ ಮೇಲೆ ದೂರ ಹೋಗುವವರಿಗೆ ಗಂಜಿ. ಅತ್ತೆ ಒಂದು ದಿನ ಚಾವಡಿಗೆ ಬಂದು ಕುಳಿತು ಕೇಳಿದ್ದನ್ನು ನಾನು ನೋಡಿಲ್ಲ. ನಡುಬಾಗಿಲಿನ ಆಚೆ ಮಣೆ ಹಾಕಿ ಕೂರುತ್ತಿದ್ದರು. ಮಡಿಲಲ್ಲಿ ಏನಾದರೂ ಕೆಲಸ, ಹುಣಸೆ ಬೀಜ ತೆಗೆಯುವುದೋ, ಬತ್ತಿ ಹೊಸೆಯುವುದೋ.

ಕಾಫಿ ಕೊಡುವಾಗ ಭಾಗವತರಿಗೆ ಮಾತ್ರ ಕೇಳಿಸುವ ಹಾಗೆ, “ಇವತ್ತು ಎರಡು ಪದ್ಯ ಬಿಟ್ರಿ ಅಲ್ವಾ?” ಎಂದು ಕೇಳುತ್ತಿದ್ದರು. ಆಕ್ಷೇಪವಲ್ಲ, ಕಾರಣ ತಿಳಿಯಬೇಕು ಎಂಬ ಕುತೂಹಲ. ಭಾಗವತರು ಸಂಕೋಚಪಟ್ಟು, ಹೊತ್ತಾಯಿತಲ್ಲ ಅತ್ತೆ ಎನ್ನುತ್ತಿದ್ದರು. ಪ್ರಸಂಗ ಪುಸ್ತಕವನ್ನು ಅವರು ಓದಿದ್ದು ಯಾವಾಗ, ಬಾಯಿಪಾಠ ಮಾಡಿದ್ದು ಯಾವಾಗ ಎಂದು ಅವರ ಮಕ್ಕಳಿಗೂ ಗೊತ್ತಿಲ್ಲ. ಭಾಗವತರು ಆಮೇಲಾಮೇಲೆ ಪದ್ಯ ಬಿಡುವ ಮೊದಲು ಒಮ್ಮೆ ನಡುಬಾಗಿಲಿನ ಕಡೆ ನೋಡುವ ಅಭ್ಯಾಸ ಮಾಡಿಕೊಂಡರು.

ನಾನು ಮೊದಲ ಸಲ ಲಕ್ಷ್ಮಣನಾಗಿ ಕುಳಿತ ದಿನ ಅರ್ಧ ಮುಚ್ಚಿರುತ್ತಿದ್ದ ಆ ಬಾಗಿಲು ಪೂರ್ತಿ ತೆರೆದಿತ್ತು. ಅದನ್ನು ನಾನು ಗಮನಿಸಿದ್ದೆ, ಯಾಕೆ ಎಂದು ಕೇಳಿರಲಿಲ್ಲ. 2024ರ ಡಿಸೆಂಬರ್ 14ರಂದು ಲೀಲಾವತಿ ಬೈಪಾಡಿತ್ತಾಯರು ತೀರಿಕೊಂಡರು. ಮಧೂರಿನಲ್ಲಿ ಹುಟ್ಟಿ, ಸಂಗೀತ ಕಲಿತು, ಮದುವೆಯಾದ ಮೇಲೆ ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತು, ವೃತ್ತಿ ಮೇಳಗಳಲ್ಲಿ ಗಂಡಸರ ನಡುವೆ ಕುಳಿತು ರಾತ್ರಿಯಿಡೀ ಪದ್ಯ ಹೇಳಿದ ಮೊದಲ ಹೆಂಗಸು. ಆ ಸುದ್ದಿ ಬಂದ ವಾರ ಅತ್ತೆ ನನ್ನನ್ನು ಒಳಗೆ ಕರೆದು ಕೂರಿಸಿದರು. ಟೆಂಟಿನ ಆಟಕ್ಕೆ ಒಮ್ಮೆ ಮಾವನ ಜತೆ ಹೋಗಿದ್ದರಂತೆ. ಲೀಲಾವತಿಯವರು ಪದ್ಯ ಹೇಳುತ್ತಿದ್ದರಂತೆ. “ನಾನು ಆಟ ನೋಡಿದ್ದೇ ಇಲ್ಲ ಮಾರಾಯ್ತಿ. ಅವರನ್ನೇ ನೋಡ್ತಾ ಕೂತದ್ದು. ಎಷ್ಟು ಧೈರ್ಯ ಅಂತ” ಅಂದರು. ಸ್ವಲ್ಪ ಹೊತ್ತು ಬತ್ತಿ ಹೊಸೆದರು. ಆಮೇಲೆ ಪದ್ಯ ಹೇಳಿದರು, ಗುನುಗಿದ ಹಾಗೆ, ತಾರೆಯ ಪದ್ಯವೇ. ರಾಗ ತಪ್ಪಲಿಲ್ಲ, ತಾಳಕ್ಕೆ ತೊಡೆಯ ಮೇಲೆ ಬೆರಳು. ಎಪ್ಪತ್ತೆಂಟರ ಗಂಟಲು, ಅಲ್ಲಲ್ಲಿ ಒಡೆಯುತ್ತಿತ್ತು. ಐವತ್ತು ವರ್ಷ ಕಾಫಿ ಹಿಡಿದು ಹೋದ ಆ ಚಾವಡಿಯಲ್ಲಿ ಒಂದು ದಿನ ಇವರನ್ನು ಕೂರಿಸಿ ಒಂದು ಪದ್ಯ ಹೇಳಿಸಬಹುದಿತ್ತು. ನನಗೆ ಹೊಳೆಯಲಿಲ್ಲ. ಹೊಳೆದಾಗ ಅವರು ಆಸ್ಪತ್ರೆಯಲ್ಲಿದ್ದರು. ಇದಕ್ಕೆ ನನ್ನಲ್ಲಿ ಸಮಾಧಾನ ಇಲ್ಲ.

ಅತ್ತೆಯ ಸುದ್ದಿಯಲ್ಲಿ ಯಕ್ಷಗಾನದ ಮಾತೇ ಬರಲಿಲ್ಲ. ‘ಗೃಹಿಣಿ’ ಎಂದಿತ್ತು. ಅಂಟಿಸಿದ ಮೇಲೆ ಅದರ ಕೆಳಗೆ ನನ್ನ ಕೈಯಲ್ಲಿ ಬರೆದೆ: ಪದ್ಯ ಎಲ್ಲ ಬಾಯಿಗೆ ಬರುತ್ತಿತ್ತು. ಕಾಕನ ತುಂಡಿನ ಕೆಳಗೆ: ಸಂಘದ ಸದಸ್ಯರು. ಇಸವಿ ಗೊತ್ತಿಲ್ಲದ ಕಾರಣ ‘ಮೊದಲಿನಿಂದಲೂ’ ಎಂದು ಬರೆದೆ.

ಬರುವ ಶನಿವಾರ ಈ ಮಳೆಗಾಲದ ಮೊದಲ ಕೂಟ. ಅತ್ತೆಯ ಮಗ ಫೋನ್ ಮಾಡಿ, ಚಾವಡಿ ನಮ್ಮದೇ, ಬೇರೆ ಕಡೆ ಹುಡುಕಬೇಡಿ ಎಂದಿದ್ದಾನೆ. ಮದ್ದಳೆಗೆ ಅಜ್ಜನ ಮೊಮ್ಮಗ. ಐ.ಟಿ.ಐ. ಓದುತ್ತಿದ್ದಾನೆ. ನಾಲ್ಕು ಗಂಟೆಗೇ ಬಂದು ಒಲೆಯ ಹತ್ತಿರ ಕೂರಬೇಕು ಎಂದು ಅಜ್ಜ ಹೇಳಿಕೊಟ್ಟದ್ದು ಅವನಿಗೆ ನೆನಪಿದೆ. ವಾಲಿಗೆ ಪುತ್ತೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ. ಒಳ್ಳೆಯ ಸ್ವರ, ಓದಿಕೊಂಡಿದ್ದಾನೆ, ವೇಗ ಜಾಸ್ತಿ. ನಿನ್ನೆ ಭಾಗವತರು ಪಟ್ಟಿ ಬರೆಯಲಿಕ್ಕೆ ಮನೆಗೆ ಬಂದಿದ್ದರು. ರಾಮ, ಸುಗ್ರೀವ, ವಾಲಿ ಎಲ್ಲ ಆಯಿತು. ಈ ಸಲ ರಾಮ ನಾನು ಹೇಳುವುದೆಂದು ಕಳೆದ ವರ್ಷವೇ ಮಾತಾಗಿತ್ತು, ಬಹಳ ದಿನದ ಆಸೆ ಅದು.

ಭಾಗವತರು ಪೆನ್ನು ಎತ್ತಿ, “ತಾರೆಗೆ ಯಾರು?” ಎಂದು ಕೇಳಿದರು.

ರಾಮನ ಎದುರಿದ್ದ ನನ್ನ ಹೆಸರನ್ನು ಹೊಡೆದು ಕೊನೆಯ ಸಾಲಿನಲ್ಲಿ ಬರೆಯಲು ಹೇಳಿದೆ. ಅಳತೆ ಪುಸ್ತಕ ಮೇಜಿನ ಮೇಲೆ ಇದೆ. ಅಂಗದ ತಂದ ಸುದ್ದಿಯನ್ನು ಮೊದಲೇ ಹೇಳಿಬಿಡಬಾರದು. ಆ ಹುಡುಗ ಸಿಟ್ಟಾಗಲಿ. ಆಮೇಲೆ.